ಒಂದೇ ಕುರ್ಚಿಯ ಪಡಸಾಲೆ

ನಮ್ಮ ಊರಿನಲ್ಲಿ ದಪ್ಪ ಸದ್ದುಗಳು ತಗ್ಗಿನ ಓಣಿಗೆ ಇಳಿಯುತ್ತವೆ, ತೆಳ್ಳನೆಯವು ಮೇಲಿನ ಓಣಿಗೆ ಏರುತ್ತವೆ. ಗುಡುಗು, ಡೊಳ್ಳು, ಹಿಟ್ಟಿನ ಗಿರಣಿ, ಲಾರಿಯ ಎಂಜಿನ್ನು, ಗಂಡಸರ ಮಾತಿನ ತಳ, ಇವೆಲ್ಲ ಇಳಿಜಾರು ಹಿಡಿದು ನಿಧಾನವಾಗಿ ಹರಿದುಬಂದು, ತಗ್ಗಿನ ಓಣಿಯ ಮನೆಗಳ ಹೊಸ್ತಿಲು ದಾಟಿ ಮೂಲೆಗಳಲ್ಲಿ ಕೂರುತ್ತವೆ. ಬಳೆ, ಗೆಜ್ಜೆ, ಗುಬ್ಬಿ, ಲೋಟಕ್ಕೆ ತಾಗಿದ ಚಮಚ ಮೇಲೇರಿ ಹೋಗುತ್ತವೆ. ತಗ್ಗಿನ ಓಣಿಯ ಹೆಂಗಸರು ಮುಂಗೈ ತುಂಬ ಬಳೆ ತೊಟ್ಟರೂ ಅದರ ಸದ್ದನ್ನು ತಾವು ಕೇಳಿದವರಲ್ಲ. ಅದನ್ನು ಕೇಳುವವರು ಮೇಲಿನ ಓಣಿಯ ಜಗುಲಿಗಳ ಮೇಲೆ ಕೂತ ಜನ. ಮಾತಿನ ನಡುಭಾಗ ಮಾತ್ರ ಇದ್ದಲ್ಲೇ ಇರುತ್ತದೆ. ಅದರಿಂದಾಗಿಯೇ ಊರಿನಲ್ಲಿ ಸಂಸಾರಗಳು ನಡೆಯುತ್ತಿವೆ.

ನಾನು ಹುಟ್ಟಿ ಬೆಳೆದದ್ದು ಮೇಲಿನ ಓಣಿಯಲ್ಲಿ. ಅಲ್ಲಿ ಗುಡುಗೆಂದರೆ ಯಾರೋ ಬಟ್ಟೆ ಹರಿದಷ್ಟು ಸದ್ದು. ಬೆಳಿಗ್ಗೆ ಹಲ್ಲುಜ್ಜುತ್ತ ಜಗುಲಿಯ ಮೇಲೆ ನಿಂತರೆ ಕೆಳಗಿನ ಬಳೆಗಳೆಲ್ಲ ತೇಲಿಕೊಂಡು ಬರುತ್ತಿದ್ದವು. ಅವುಗಳಲ್ಲಿ ಒಂದು ಕೈಯ ಬಳೆಗಳು ಮಾತ್ರ ಆಗಾಗ ನಿಂತುಬಿಡುತ್ತಿದ್ದವು, ತುಸು ಹೊತ್ತು ಬಿಟ್ಟು ಮತ್ತೆ ಶುರುವಾಗುತ್ತಿದ್ದವು. ಕೆಲಸದ ನಡುವೆ ಯಾರು ಹೀಗೆ ಕೈ ನಿಲ್ಲಿಸುತ್ತಾರೆ, ಯಾಕೆ ನಿಲ್ಲಿಸುತ್ತಾರೆ ಎಂದು ತಲೆ ಕೆಡಿಸಿಕೊಂಡೆ. ಸದ್ದಿನ ಕೆಲಸ ಮಾಡುವವರಿಗೆ ಇಂಥ ಹುಚ್ಚು ಇದ್ದದ್ದೇ. ಕಡೆಗೊಂದು ದಿನ ಇಳಿಜಾರು ಇಳಿದು ಹುಡುಕಿಕೊಂಡು ಹೋದೆ. ಕೆಳಗೆ ಹೋದರೆ ಬಳೆ ಕೇಳಿಸುವುದಿಲ್ಲವಲ್ಲ, ಕಣ್ಣಿನಿಂದಲೇ ಹುಡುಕಬೇಕಾಯಿತು. ದೂರದಿಂದ ನೋಡಿದರೆ ಕೆರೆಯ ದಂಡೆಯಲ್ಲಿ ಕೌದಿ ಬಡಿಯುತ್ತ, ನಡುನಡುವೆ ಕೋಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಲ್ಲುತ್ತಿದ್ದವಳು ದಾನವ್ವ. ಅವಳನ್ನೇ ಮದುವೆಯಾಗಿ ಅವಳ ತವರಿನಲ್ಲಿ ಮನೆಯಳಿಯನಾಗಿ ಉಳಿದೆ. ಮೇಲಿನ ಓಣಿಯ ಗೆಳೆಯರು ಇವತ್ತಿಗೂ ನನ್ನನ್ನು ಬಳೆ ಕೇಳಿ ಜಾರಿಬಿದ್ದವನು ಅಂತಲೇ ಆಡಿಕೊಳ್ಳುತ್ತಾರೆ.

ಕೌದಿಯ ವಿಷಯ ಮೇಲಿನವರಿಗೆ ಅಷ್ಟಾಗಿ ಗೊತ್ತಿಲ್ಲ. ತಗ್ಗಿನ ಓಣಿಯ ಪ್ರತಿ ಮನೆಯಲ್ಲೂ ಸಂಜೆ ದೀಪ ಹಚ್ಚಿದ ಮೇಲೆ ಮೂಲೆಮೂಲೆಗೆ ಹಳೆಯ ಸೀರೆ ಪದರಪದರ ಹೊಲಿದ ಕೌದಿ ಇಳಿಬಿಡುತ್ತಾರೆ. ಹಾಗೆ ಮಾಡದಿದ್ದರೆ ಮೂಲೆಯಲ್ಲಿ ಸದ್ದು ಕೆನೆಗಟ್ಟಿ, ಮಜ್ಜಿಗೆಯ ಗಡಿಗೆ ತಾನಾಗಿ ನಡುಗುತ್ತದೆ, ಮಲಗಿದವರ ಹಲ್ಲು ಕಟಕಟಿಸುತ್ತವೆ. ಬೆಕ್ಕುಗಳಿಗೆ ಮಾತ್ರ ಅದು ಬೆಚ್ಚಗಿನ ಜಾಗ. ಕೌದಿ ಸದ್ದನ್ನೆಲ್ಲ ಹೀರಿಕೊಂಡು ಬೆಳಗಾಗುವಷ್ಟರಲ್ಲಿ ಒದ್ದೆ ಬಟ್ಟೆಗಿಂತ ಭಾರವಾಗಿರುತ್ತದೆ. ಮದುವೆಯಾದ ಹೆಂಗಸರು ಅದನ್ನು ಹೊತ್ತು ಕೆರೆಯ ದಂಡೆಗೆ ಹೋಗಿ ಕಲ್ಲಿನ ಮೇಲೆ ಹಾಸಿ ಬಡಿಯುತ್ತಾರೆ. ಅಂಥವರಿಲ್ಲದ ಮನೆಯಲ್ಲಿ ಹಿರಿಮಗಳು ಹೋಗುತ್ತಾಳೆ, ಅವ್ವ ತೀರಿಕೊಂಡ ಮೇಲೆ ದಾನವ್ವ ಮದುವೆಗೆ ಮುಂಚೆಯೇ ಹೋಗುತ್ತಿದ್ದ ಹಾಗೆ. ಒಂದೊಂದು ಏಟಿಗೂ ನಿನ್ನೆಯ ಗುಡುಗು, ನಿನ್ನೆಯ ಲಾರಿ, ನಿನ್ನೆ ಗಂಡಸರು ಆಡಿದ ಮಾತಿನ ತಳ ಎದ್ದು ನೀರಿನ ಮೇಲೆ ಹೋಗುತ್ತದೆ. ಅಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಬಾರದು, ಅದನ್ನು ಮನೆಗೆ ಒಯ್ಯಬಾರದು. ಹಗುರಾದ ಕೌದಿ ಹೆಗಲಿಗೆ ಹಾಕಿಕೊಂಡು, ಬದನೆಕಾಯಿ ಬುತ್ತಿ ಎಂದು ಬೇರೇನೋ ಮಾತಾಡುತ್ತ ಎಲ್ಲರೂ ವಾಪಸು ಬರುತ್ತಾರೆ. ಗಂಡಸರು ಆ ಹೊತ್ತಿಗೆ ಆ ಕಡೆ ಸುಳಿಯುವುದಿಲ್ಲ.

ನಮ್ಮ ಮಾವ ಬಾಳಪ್ಪನವರ ದನಿಗೆ ನಡುಭಾಗವೇ ಇಲ್ಲ. ಇಡೀ ದನಿಯೇ ತಳ. ಓಣಿಯ ಉಳಿದ ಗಂಡಸರು ಚಿಕ್ಕಂದಿನಲ್ಲೇ ಮೂಗಿನಲ್ಲಿ ಮಾತಾಡುವುದನ್ನು ರೂಢಿಸಿಕೊಂಡು ಹೇಗೋ ನಿಭಾಯಿಸುತ್ತಾರೆ. ಮಾವನವರಿಗೆ ಆ ವಿದ್ಯೆ ಹತ್ತಲಿಲ್ಲ. ಅವರು ಬಾಯಿ ತೆರೆದರೆ ಮಾತು ತುಟಿಯಿಂದ ಗದ್ದಕ್ಕೆ, ಗದ್ದದಿಂದ ಎದೆಗೆ, ಅಲ್ಲಿಂದ ನೆಲಕ್ಕೆ ಇಳಿದು ಮೂಲೆ ಸೇರುತ್ತದೆ. ಎದುರಿಗೆ ಕೂತವನ ಕಾಲಿಗೆ ಸಣ್ಣಗೆ ಜುಮ್ಮೆನ್ನುವುದೊಂದೇ ಗುರುತು. ಬಜಾರಿನಲ್ಲಿ ಅವರದು ಗಾದಿ ಅಂಗಡಿ, ಅರಳೆ ಹಿಂಜಿ ಗಾದಿ ತುಂಬುವ ಕೆಲಸ. ಅಂಗಡಿಯ ವ್ಯವಹಾರವೆಲ್ಲ ಕೈಸನ್ನೆಯಲ್ಲೇ ಮುಗಿಯುತ್ತಿತ್ತು. ಆದರೂ ಮನೆಯಲ್ಲಿ ಅವರು ಮಾತಾಡುವುದನ್ನು ಬಿಟ್ಟಿರಲಿಲ್ಲ. ಉಣ್ಣುವಾಗ, ಎಲೆ ಅಡಿಕೆ ಹಾಕಿಕೊಳ್ಳುವಾಗ, ಅವರ ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ನನ್ನ ಕಡೆ ನೋಡಿ ಏನೋ ಹೇಳುವರು. ನಾನು ಎಲ್ಲದಕ್ಕೂ 'ಹೂಂ ಮಾವಾರ' ಅನ್ನುತ್ತಿದ್ದೆ. ಏನಕ್ಕೆ ಹೂಂ ಅಂದೆ ಎಂಬುದು ಮಾರನೆಯ ದಿನ ಬೆಳಿಗ್ಗೆ ದಾನವ್ವನಿಗೆ ಗೊತ್ತಾಗುತ್ತಿತ್ತು. ಅವಳು ಕೆರೆಯಿಂದ ಬಂದವಳು ನನ್ನ ಮುಖ ನೋಡಿ ನಗು ತಡೆದುಕೊಂಡಿದ್ದೂ ಉಂಟು.

ನನ್ನದು ಹಾಡು ಮುದ್ರಿಸುವ ಕಸುಬು. ಮದುವೆಯ ಹಾಡು, ಭಜನೆ, ಅಂಗಡಿಯ ಪ್ರಚಾರ, ಯಾರು ಏನು ತಂದರೂ ಸರಿ. ಮನೆಯ ಪಡಸಾಲೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದೆ. ಒಂದು ಜೊತೆ ಸ್ಟುಡಿಯೋ ಮಾನಿಟರ್ ಸ್ಪೀಕರ್ ತಂದು ಗೋಡೆಗೆ ಒತ್ತಿ ಇಟ್ಟಿದ್ದೆ. ಮನೆಯವರ ಬಾಯಲ್ಲಿ ಅವು ಡಬ್ಬಿಗಳು. ಮನೆಯ ಮಾಮೂಲಿ ಸ್ಪೀಕರ್ ಎಂಥ ಹಾಡನ್ನೂ ಸಿಂಗರಿಸಿ ಕೇಳಿಸುತ್ತದೆ. ಈ ಮಾನಿಟರುಗಳಿಗೆ ಮುಖಸ್ತುತಿ ಗೊತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತವೆ. ಆದರೆ ಕೋಣೆ ಸುಳ್ಳು ಹೇಳುತ್ತಿತ್ತು. ತಬಲಾದ ಎಡಗೈ ಸದ್ದು ಮೂಲೆಗೆ ಹೋಗಿ ಗುಡ್ಡೆ ಬಿದ್ದು ಅಲ್ಲಿಂದ ಗುಂಯ್ಯೆಂದು ಬರುತ್ತಿತ್ತು. ಜಾಸ್ತಿಯಾಯಿತೆಂದು ನಾನು ಕಡಿಮೆ ಮಾಡುತ್ತಿದ್ದೆ. ಅದೇ ಹಾಡನ್ನು ಮೇಲಿನ ಓಣಿಯವರು ಹಾಕಿ ಕೇಳಿದರೆ ಸೊಳ್ಳೆ ಹಾಡಿದ ಹಾಗಿದೆ ಎಂದು ಮೂಗು ಮುರಿಯುತ್ತಿದ್ದರು. ಹೀಗೇ ನಡೆದಿತ್ತು, ಯಾರ ಪ್ರಾಣವೂ ಹೋಗಿರಲಿಲ್ಲ.

ಅಷ್ಟರಲ್ಲಿ ಕಸ್ತೂರಿಗೆ ಗಂಡು ಗೊತ್ತಾಯಿತು. ಕಸ್ತೂರಿ ದಾನವ್ವನ ತಂಗಿ, ಅಂಗಡಿಯಲ್ಲಿ ಅಪ್ಪನ ಜೊತೆ ಕೂತು ಗಾದಿಗೆ ಹೊಲಿಗೆಯ ಟಾಕು ಹಾಕುವವಳು. ಕೈಯಲ್ಲಿ ದಬ್ಬಣ ಇದ್ದರೆ ಸರಿ, ಇಲ್ಲದಿದ್ದರೆ ಏನೋ ಕಳೆದುಕೊಂಡವರಂತೆ ಚಡಪಡಿಸುವ ಹುಡುಗಿ. ಗಂಡು ಮೇಲಿನ ಓಣಿಯ ಸುಭಾಸ, ಕನ್ನಡಕದ ಅಂಗಡಿಯವನು, ಕಂಡರೆ ಯಾರಿಗೂ ಬೇಡ ಅನ್ನಿಸುವಂಥವನಲ್ಲ. ತೊಡಕಿದ್ದದ್ದು ಮಾತು ಕೊಡುವ ಶಾಸ್ತ್ರದಲ್ಲಿ. ಗಂಡಿನ ತಾಯಿ 'ಮಗಳನ್ನ ಕೊಡ್ತೀರೇನ್ರಿ' ಎಂದು ಕೇಳಬೇಕು, ಹೆಣ್ಣಿನ ತಂದೆ ಬಾಯಿ ಬಿಟ್ಟು ಹೇಳಬೇಕು, ಅದು ಅಲ್ಲೇ ಆಗಲೇ ಕೇಳಿಸಬೇಕು. ತಗ್ಗಿನ ಓಣಿಯ ಒಳಗೊಳಗೇ ಸಂಬಂಧವಾದರೆ ಮಾರನೆಯ ಬೆಳಿಗ್ಗೆ ಎರಡೂ ಮನೆಯ ಹೆಂಗಸರು ಕೆರೆಯ ದಂಡೆಯಲ್ಲೇ ಕೌದಿಯಲ್ಲಿ ಕೇಳಿಕೊಂಡರೂ ನಡೆಯುತ್ತದೆ. ಮೇಲಿನವರು ಅದಕ್ಕೆ ಒಪ್ಪುವುದಿಲ್ಲ. ನನ್ನ ಮದುವೆಯಲ್ಲಿ ಈ ರಗಳೆ ಬರಲಿಲ್ಲ, ನಾನೇ ನನ್ನನ್ನು ಕೊಟ್ಟುಕೊಂಡು ಬಂದವನು. ಕಸ್ತೂರಿಗೆ ಈ ಹಿಂದೆ ಬಂದ ಸಂಬಂಧ ಇದೇ ಕಾರಣಕ್ಕೆ ಮುರಿದಿತ್ತು. ಹುಡುಗಿಯ ಅಪ್ಪ ಬಾಯಿ ಅಲ್ಲಾಡಿಸಿದ, ಮಾತು ಕೊಡಲಿಲ್ಲ ಎಂದು ಅವರು ಎದ್ದು ಹೋಗಿದ್ದರು. ಇನ್ನೊಂದು ಸಲ ಹೀಗಾದರೆ ಮೇಲಿನಿಂದ ಯಾರೂ ಇಳಿದು ಬರುವುದಿಲ್ಲ ಎಂದು ಓಣಿಯೆಲ್ಲ ಆಡಿಕೊಳ್ಳುತ್ತಿತ್ತು.

"ಈ ಸಲ ಅಪ್ಪನ ಮಾತು ಕೇಳಸಬೇಕ್ರಿ," ಎಂದಳು ದಾನವ್ವ. "ಆ ಎರಡು ಡಬ್ಬಿ ಅದಾವಲ್ಲ, ಅವನ್ನ ಇಟ್ಕೊಂಡು ಏನಾರ ಮಾಡ್ರಿ. ನೀವು ಸದ್ದಿನ ಮನಶ್ಯಾರು."

ಹೆಡ್‌ಫೋನಿನಲ್ಲಿ ಆಗುವ ಕೆಲಸ ಇದಲ್ಲ. ಅದರ ಪುಟ್ಟ ಬಾಯಿಗೆ ಮಾವನವರ ದನಿ ಹಿಡಿಸದು ಎಂದು ಒಮ್ಮೆ ನೋಡಿಯೇ ತಿಳಿದಿತ್ತು. ಮಾನಿಟರುಗಳನ್ನೇ ಸರಿಯಾಗಿ ಕೂರಿಸಬೇಕು. ಗೋಡೆಯಿಂದ ಎಳೆದು ಮುಂದಕ್ಕೆ ತಂದೆ. ಕೆಳಗೆ ಇಟ್ಟಿಗೆ ಪೇರಿಸಿ ಕೂತವರ ಕಿವಿಯ ಮಟ್ಟಕ್ಕೆ ಎತ್ತರಿಸಿದೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಎಷ್ಟು ದೂರವೋ ಅಷ್ಟೇ ದೂರಕ್ಕೆ ಒಂದು ಕುರ್ಚಿ ಹಾಕಿ, ಎರಡರ ಮುಖವನ್ನೂ ತುಸು ಒಳಕ್ಕೆ ತಿರುಗಿಸಿದೆ. ಹೀಗೆ ಮಾಡಿದರೆ ಮೂರೂ ಸೇರಿ ಮುಕ್ಕೋನವಾಗುತ್ತದೆ, ದನಿ ನೆಲಕ್ಕೆ ಇಳಿಯುವ ಮೊದಲೇ ಕುರ್ಚಿಯಲ್ಲಿ ಕೂತವರ ಕಿವಿ ಮುಟ್ಟುತ್ತದೆ. ತಮಾಷೆಯೆಂದರೆ ಇಂಥ ಕೋಣೆಯಲ್ಲಿ ಸರಿಯಾದ ಜಾಗ ಇರುವುದು ಒಂದೇ. ಒಂದು ಗೇಣು ಆಚೀಚೆ ಸರಿದರೂ ಎಲ್ಲ ಕಲಸಿಹೋಗುತ್ತದೆ. ಆ ಕುರ್ಚಿಯಲ್ಲಿ ಗಂಡಿನ ತಾಯಿ ಚಂದ್ರಾಬಾಯಿಯವರನ್ನು ಕೂರಿಸುವುದೆಂದು ತೀರ್ಮಾನವಾಯಿತು. ಕೇಳಬೇಕಾದವರು ಕೇಳಿದರೆ ಸಾಕು.

ಆಮೇಲೆ ಕನ್ನಡಿಯ ಕೆಲಸ. ಡಬ್ಬಿಯಿಂದ ಹೊರಟ ಸದ್ದು ಗೋಡೆಗೆ ಬಡಿದು ಕುರ್ಚಿಗೆ ಬರುವ ಜಾಗ ಯಾವುದೆಂದು ಕಂಡುಕೊಳ್ಳಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಹಿಡಿದು ನಡೆಯಬೇಕು. ಕನ್ನಡಿಯಲ್ಲಿ ಎಲ್ಲಿ ಡಬ್ಬಿ ಕಾಣುತ್ತದೋ ಅಲ್ಲಿ ಅರಳೆಯ ಹಲಗೆ ಬಡಿದರೆ ಸದ್ದು ಜಿಗಿಯುವುದು ನಿಲ್ಲುತ್ತದೆ. ನಾನು ಕೂತೆ. ಕಸ್ತೂರಿ ತಾನು ತಲೆ ಬಾಚಿಕೊಳ್ಳುವ ಕನ್ನಡಿಯನ್ನೇ ಎದೆಗೆ ಒತ್ತಿ ಹಿಡಿದು ಗೋಡೆಯುದ್ದಕ್ಕೂ ಮೆಲ್ಲಗೆ ಸರಿದಳು. ಕನ್ನಡಿಯೊಳಗೆ ಕಿಟಕಿ ಹೋಯಿತು, ಮೊಳೆಗೆ ನೇತುಹಾಕಿದ ಛತ್ರಿ ಹೋಯಿತು, ಅಂಗಳದ ಬಿಸಿಲು ತುಂಬಿಕೊಂಡು ಖಾಲಿಯಾಯಿತು. ಮನೆಯೇ ತೆಪ್ಪ ಹತ್ತಿ ನನ್ನ ಮುಂದೆ ಹಾದುಹೋದ ಹಾಗಿತ್ತು.

"ಮಾಮಾ, ಮ್ಯಾಲಿನ ಓಣ್ಯಾಗ ಮಲಗಿದಾಗ ಏನೂ ಕೇಳಸಂಗಿಲ್ಲ ಅಂತಲ್ಲ, ಹೌದೇನು?" ಎಂದಳು ನಡೆಯುತ್ತಲೇ.

"ಯಾಕ, ಗುಬ್ಬಿ ಕೇಳಸ್ತಾವ."

"ಮಲಗಿದಾಗ ಗುಬ್ಬಿ ಎಲ್ಲಿಂದ ಬರ್ತಾವ. ಗುಡುಗು?"

"ಗುಡುಗಿನ ತುದಿ ಅಷ್ಟ ಕೇಳಸ್ತೈತಿ."

ಅವಳು ಗೋಡೆಗುಂಟ ಇನ್ನೊಂದು ಹೆಜ್ಜೆ ಸರಿದಳು. "ಇಲ್ಲಿ ಮಲಗಿದ್ರ ಅಪ್ಪ ಮಾತಾಡೂದು ಬೆನ್ನಿಗೆ ತಾಕ್ತೈತಿ ಮಾಮಾ. ಏನಂತಾನೋ ತಿಳಿಯಂಗಿಲ್ಲ. ನಿದ್ದಿ ಮಾತ್ರ ಚಲೋ ಬರ್ತೈತಿ." ಹೀಗೆಂದು ಕನ್ನಡಿಯನ್ನು ತುಸು ಕೆಳಗಿಳಿಸಿದಳು. ಅದರಲ್ಲಿ ಡಬ್ಬಿಯ ಬದಲು, ಬಾಗಿಲಲ್ಲಿ ಕೂತು ಅರಳೆ ಬಿಡಿಸುತ್ತಿದ್ದ ಮಾವನವರ ಮುಖ ಬಂತು. ಅವರು ಮಗಳ ಕಡೆ ನೋಡುತ್ತ ಏನೋ ಹೇಳುತ್ತಿದ್ದರು. ಅವಳು ತಲೆ ಬಗ್ಗಿಸಿ ಕನ್ನಡಿಯ ಅಂಚನ್ನೇ ನೋಡುತ್ತಿದ್ದಳು.

ಗೋಡೆಗೆ ಬಡಿಯುವ ಹಲಗೆಗಳಿಗೆ ಮಾವನವರೇ ಅರಳೆ ತುಂಬಿಕೊಟ್ಟರು. ನಾನು ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟುವುದು, ಗೋಡೆಗಳ ನಡುವೆ ಅದು ಝಣಝಣಿಸಿದರೆ ಇನ್ನೊಂದು ಹಲಗೆ ಬಡಿಯುವುದು, ಹೀಗೆ ನಡೆಯಿತು. ಮೂಲೆಗಳಿಗೆ ಮನೆಯಲ್ಲಿದ್ದ ದಪ್ಪದಪ್ಪ ಕೌದಿಗಳನ್ನೆಲ್ಲ ಪದರಪದರವಾಗಿ ಕಟ್ಟಿದೆ. ಇಳಿಬಿಟ್ಟರೆ ಜೋಲಾಡುತ್ತವೆಂದು ಮರದ ಚೌಕಟ್ಟು ಮಾಡಿ, ನೆಲದಿಂದ ಸೂರಿನವರೆಗೆ ಬಿಗಿಯಾಗಿ ಮೊಳೆ ಹೊಡೆದೆ. ದಾನವ್ವ ನೋಡುತ್ತ ನಿಂತಿದ್ದಳು.

"ಇವನ್ನ ಬಡಿಯೂದು ಹೆಂಗ?" ಎಂದಳು.

"ಬಡಿಯೂ ಕೆಲಸ ಇಲ್ಲ. ಒಮ್ಮೆ ಹಾಕಿದ್ರ ಮುಗೀತು. ಎಲ್ಲಾ ಸ್ಟುಡಿಯೋದಾಗ ಹಿಂಗ ಇರ್ತೈತಿ."

"ಎಲ್ಲಾ ಸ್ಟುಡಿಯೋ ತಗ್ಗಿನ ಓಣ್ಯಾಗ ಇರ್ತಾವೇನ್ರಿ?" ಎಂದು ಕೇಳಿ ಅವಳು ಒಳಗೆ ಹೋದಳು. ನಾನು ಸುತ್ತಿಗೆ ಎತ್ತಿಕೊಂಡೆ.

ಮೊದಮೊದಲು ನಾನೇ ಗೆದ್ದೆ ಅನ್ನಿಸಿತು. ಪಡಸಾಲೆ ಅಂಥ ತಿಳಿಯಾದ ಜಾಗವಾಗಿದ್ದನ್ನು ಯಾರೂ ಕಂಡಿರಲಿಲ್ಲ. ತಬಲಾದ ಎಡಗೈ ಎಡಗೈಯಾಗಿಯೇ ಕೇಳಿಸಿತು, ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಖಾಲಿ ಕಂಡಿತು. ಓಣಿಯ ಹೆಂಗಸರು ಕೆಲಸ ಬಿಟ್ಟು ಬಂದು ಸರದಿಯಲ್ಲಿ ಆ ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ ಸುಮ್ಮನೆ ಇದ್ದು ಹೋದರು. ಹಾಡು ಕೂಡ ಹಾಕಿರಲಿಲ್ಲ. ಎಷ್ಟು ಹಗುರ ಐತಿ ಅವ್ವಾ ಇಲ್ಲಿ ಎಂದು ಅವರು ಹೇಳಿದ್ದಕ್ಕೆ ನಾನು ಉಬ್ಬಿಹೋದೆ. ಮಾವನವರೂ ಖುಷಿಯಾಗಿ ಮೂಲೆಯಿಂದ ಮೂಲೆಗೆ ಓಡಾಡುತ್ತ ದಿನವೆಲ್ಲ ಮಾತಾಡಿದರು.

ಶಾಸ್ತ್ರದ ದಿನ ಹತ್ತಿರ ಬಂದಂತೆ ಕೌದಿಗಳು ಉಬ್ಬತೊಡಗಿದವು. ಚೌಕಟ್ಟಿನ ಮೊಳೆಗಳು ಒಂದೊಂದಾಗಿ ಟಣ್ಣೆಂದು ಹಾರಿದವು, ಆ ಸದ್ದು ಮಾತ್ರ ನಮಗೆ ಕೇಳಿಸದೆ ಮೇಲಿನ ಓಣಿಗೆ ಹೋಯಿತು. ನೆಲದ ಮೇಲಿಟ್ಟ ನೀರಿನ ತಂಬಿಗೆಯಲ್ಲಿ ಅಲೆ ಎದ್ದಿತು. ಬೆಕ್ಕು ಮೂಲೆ ಬಿಟ್ಟು ಬರಲೊಲ್ಲದು. ಶಾಸ್ತ್ರದ ಹಿಂದಿನ ದಿನ ಮಾವನವರನ್ನು ಮೈಕಿನ ಮುಂದೆ ಕೂರಿಸಿ, ನಾನು ಕುರ್ಚಿಯಲ್ಲಿ ಕೂತು, ಒಂದು ಮಾತು ಆಡಿ ನೋಡ್ರಿ ಎಂದೆ. ಅವರು ಬಾಯಿ ತೆರೆದರು. ಡಬ್ಬಿಗಳಿಂದ ಬಂದದ್ದನ್ನು ಮೂಲೆಗಳು ನುಂಗಲಿಲ್ಲ, ತಮ್ಮಲ್ಲಿದ್ದದ್ದನ್ನೇ ಅದರ ಮೇಲೆ ಕಕ್ಕಿದವು. ಹೋದ ವಾರದ ಗುಡುಗು, ಗಿರಣಿ, ಯಾವುದೋ ಲಾರಿ, ಎಲ್ಲ ಒಟ್ಟಿಗೆ ಎದ್ದು ನನ್ನ ಎದೆಗೂಡು ಅದುರಿತು. ಅದರಲ್ಲಿ ಮಾವನವರ ಮಾತು ಎಲ್ಲಿತ್ತೋ ಹುಡುಕಲು ಆಗಲಿಲ್ಲ. ನಾಳೆ ಚಂದ್ರಾಬಾಯಿ ಇದನ್ನು ಕೇಳಿದರೆ ಓಣಿ ದಾಟುವ ತನಕ ಓಡುವರು.

ದಾನವ್ವ ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕಬ್ಬಿಣದ ಸಲಾಕೆ ತಂದು ಚೌಕಟ್ಟು ಕಿತ್ತಳು. ಕೌದಿಗಳು ಹೆಂಗಸರಿಗೆ ಹೊರಲಾಗದಷ್ಟು ಭಾರವಾಗಿದ್ದವು. ನಾನೂ ಅವಳೂ ಕೈಗಾಡಿಗೆ ಹೇರಿ ತಳ್ಳಿಕೊಂಡು ಹೋದೆವು. ಇಳಿಹೊತ್ತಿನ ಬಿಸಿಲು ಕೆರೆಯ ಮೇಲೆ ಹಳದಿಯಾಗಿ ಮಲಗಿತ್ತು, ದಂಡೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡಸು ಬರಬಾರದ ಜಾಗ ಎಂದು ನಾನು ಹಿಂಜರಿದೆ.

"ಬಂದಾಗೇತಿ, ಬಡೀರಿ ಈಗ," ಎಂದಳು. "ಕೇಳಿದ್ದನ್ನ ಮಾತ್ರ ಇಲ್ಲೇ ಬಿಟ್ಟು ಬರ್ರಿ."

ಬಡಿದೆ. ಮೊದಲು ಗುಡುಗು ಹೋಯಿತು, ನೀರು ಆಚೆ ದಂಡೆಯವರೆಗೂ ನಡುಗಿತು. ಆಮೇಲೆ ಲಾರಿಗಳು ಹೋದವು. ಅವುಗಳ ಅಡಿಯಿಂದ, ನಾನು ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಕೇಳದ ಒಂದು ದನಿ ಎದ್ದಿತು. ಅಗಲವಾದ, ಆತುರವಿಲ್ಲದ ದನಿ. ಆಗ ತಾನೇ ತುಂಬಿದ ಗಾದಿಯ ಮೇಲೆ ಕೈಯಿಟ್ಟ ಹಾಗೆ ಅನ್ನಿಸಿತು. 'ಅಳ್ಯಾರ, ಬಿಸಲಾಗ ತಿರಗಬ್ಯಾಡ್ರಿ.' ಇನ್ನೊಂದು ಏಟು. 'ದಾನವ್ವ, ಇವತ್ತಿನ ಪಲ್ಲೆ ಚಲೋ ಆಗಿತ್ತವಾ.' ಇನ್ನೊಂದು ಏಟಿಗೆ ಬಂದದ್ದು, 'ಕಸ್ತೂರಿ, ಈ ಹುಡುಗ ನಿನ್ನ ಮನಸಿಗೆ ಬಂದಾನೇನವಾ?' ಕೌದಿ ಮಗುಚಿ ಹಾಕಿ ಬಡಿದೆ. ಮತ್ತೆ ಅದೇ. ಬೇರೊಂದು ಕೌದಿ ಎಳೆದುಕೊಂಡೆ. ಅದರಲ್ಲೂ ಅದೇ ಮಾತು ಮಡಿಕೆಮಡಿಕೆಗೂ ಇತ್ತು. ಒಂದೊಂದು ಸಲ ಕೇಳುವಾಗಲೂ ಮೊದಲ ಸಲ ಕೇಳುವವರ ಹಾಗೆಯೇ ಕೇಳಿದ್ದರು. ನನ್ನ ಪಕ್ಕದಲ್ಲಿ ದಾನವ್ವ ಕೋಲು ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದಳು. ಜಗುಲಿಯ ಮೇಲೆ ನಿಂತು ಕೇಳಿದ ಆ ತಡೆತ ಯಾತರದೆಂದು ನನಗೆ ಆಗ ತಿಳಿಯಿತು.

"ನಿನಗ ಗೊತ್ತಿತ್ತು," ಎಂದೆ.

"ಹಿಂದಿನ ಸಲಾನೂ ಕೇಳಿದ್ದ. ಅವರು ಎದ್ದು ಹೋದ ಮ್ಯಾಲೂ ಕೇಳ್ತಿದ್ದ."

"ಮತ್ತ ಕಸ್ತೂರಿಗೆ ಹೇಳಬೇಕಿಲ್ಲ?"

"ಕೌದಿ ಮಾತು ಮನಿಗೆ ಒಯ್ದವರು ಯಾರೂ ಇಲ್ರಿ, ಅವ್ವನೂ ಒಯ್ಯಲಿಲ್ಲ. ಗಂಡಸರು ಮೂಲ್ಯಾಗ ಏನೇನೋ ಅಂತಾರ. ಬೇಸರಾಗಿ ಅಂತಾರ, ಸಿಟ್ಟಿಲೆ ಅಂತಾರ. ಅದಕ್ಕೆಲ್ಲಾ ಉತ್ರ ಕೊಟ್ಕೋತ ಕುಂತ್ರ ಒಂದು ಮನಿಯರ ಉಳೀತೈತೇನು?" ಅವಳು ಕೋಲು ಕೆಳಗಿಟ್ಟಳು. "ನಾನ ಕೇಳಿದಂಗ ಮಾಡಿ ಒಮ್ಮೆ ಕೇಳಿದೆ. 'ನಿಮ್ಮಿಷ್ಟ ಅಕ್ಕಾ' ಅಂದ್ಳು. ಅಕ್ಕನ ಮುಂದ ಅಷ್ಟ ಅಂತಾರ. ಅಪ್ಪ ಕೇಳೂದು ಬ್ಯಾರೆ."

ಬರುವಾಗ ಬದನೆಕಾಯಿಯ ಮಾತು ನನಗೆ ಬರಲಿಲ್ಲ. ಊಟಕ್ಕೆ ಕೈಸನ್ನೆ ಇದೆ, ನೀರಿಗಿದೆ, ಗಾದಿಯ ಅಳತೆಗಿದೆ, ಈ ಪ್ರಶ್ನೆಗೆ ಇಲ್ಲ. ಮನೆಯಲ್ಲಿ ಮದುವೆಯಾದ ಅಕ್ಕ ಇರುವಾಗ ಕಸ್ತೂರಿ ಕೆರೆಗೆ ಬರುವಂತಿಲ್ಲ, ಬಂದವರು ಹೇಳುವಂತಿಲ್ಲ. ನಾಳೆ ಚಂದ್ರಾಬಾಯಿ ಕುರ್ಚಿಯಲ್ಲಿ ಕೂತು ಕೇಳುತ್ತಾರೆ, ಮಾವನವರು ಕೊಟ್ಟೆ ಅನ್ನುತ್ತಾರೆ, ಅವರ ದನಿ ಬೇರೆಯವರ ಕಿವಿಗೆ ಒಂದೇ ಒಂದು ಸಲ ನೆಟ್ಟಗೆ ಮುಟ್ಟಿದ್ದು ಅದೊಂದು ಮಾತಿಗಾಗಿ ಎಂದಾಗುತ್ತದೆ. ಕಸ್ತೂರಿ ಮೇಲಿನ ಓಣಿಗೆ ಹೋಗಿ ಗುಡುಗಿನ ತುದಿ ಕೇಳಿಕೊಂಡು ಇರುತ್ತಾಳೆ. ನನಗೆ ಅಳು ಬಂದಿತ್ತು, ಕೈಗಾಡಿ ತಳ್ಳುವ ನೆಪದಲ್ಲಿ ತಲೆ ತಗ್ಗಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಹಗುರಾದ ಕೌದಿಗಳನ್ನು ಮೊಳೆಯಿಲ್ಲದೆ ಸುಮ್ಮನೆ ಇಳಿಬಿಟ್ಟೆ. ಮೈಕು ಡಬ್ಬಿಗಳ ಹಿಂದೆ ಇರಬೇಕು, ಇಲ್ಲದಿದ್ದರೆ ತನ್ನ ಕೂಗನ್ನು ತಾನೇ ಕೇಳಿ ಕಿರುಚುತ್ತದೆ. ಹಾಗಾಗಿ ಮಾವನವರ ಮಣೆಯನ್ನು ಹಿಂದೆ ಹಾಕಿದೆ. ಆಮೇಲೆ ಎಲ್ಲರೂ ಅಡುಗೆಮನೆಯಲ್ಲಿದ್ದಾಗ ಡಬ್ಬಿಗಳ ಕೆಳಗಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದೆ. ಅವು ಕುರ್ಚಿಯ ಮಟ್ಟದಿಂದ ಚಾಪೆಯ ಮಟ್ಟಕ್ಕೆ ಇಳಿದವು. ಮುಖಗಳನ್ನು ತಿರುಗಿಸಿ ಒಳಬಾಗಿಲ ಕಡೆ ಮಾಡಿದೆ. ಅಲ್ಲಿ ಹೆಣ್ಣು ಕೂರುವ ಚಾಪೆ ಇತ್ತು. ನಾನು ಕೆರೆಯಿಂದ ಒಂದು ಮಾತನ್ನೂ ಮನೆಗೆ ತರಲಿಲ್ಲ. ಎರಡು ಡಬ್ಬಿಗಳನ್ನು ತಿರುಗಿಸಿದೆ, ಅಷ್ಟೇ. ಇದರಿಂದ ಸಂಬಂಧ ಮುರಿದರೆ ದಾನವ್ವ ನನ್ನನ್ನು ಏನು ಮಾಡಿಯಾಳು ಎಂದು ಯೋಚಿಸುತ್ತಿದ್ದಾಗಲೇ ಅವಳು ತಟ್ಟೆ ಹಿಡಿದು ಬಂದಳು. ಡಬ್ಬಿಗಳನ್ನು ನೋಡಿದಳು, ತೆಗೆದಿಟ್ಟ ಇಟ್ಟಿಗೆಗಳನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ. ಅವಳು ತಟ್ಟೆ ಕೆಳಗಿಟ್ಟು, ಬಾಗಿ, ಚಾಪೆಯನ್ನು ಒಂದು ಗೇಣು ಎಡಕ್ಕೆ ಎಳೆದಳು. ಮುಕ್ಕೋನ ಆಗ ಸರಿಹೋಯಿತು.

ಬೀಗರಾಗುವವರು ಬಂದರು. ಚಂದ್ರಾಬಾಯಿ ದೊಡ್ಡ ಕುಂಕುಮದ, ಸಣ್ಣ ದನಿಯ ಹೆಂಗಸು, ಕುರ್ಚಿಯನ್ನು ನೋಡಿ ಇದು ತನಗೇ ಎಂದು ತಾನಾಗಿ ಹೋಗಿ ಕೂತರು. ಸುಭಾಸ ಗೋಡೆಯ ಅರಳೆ ಹಲಗೆಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಅವಲಕ್ಕಿ, ಚಹಾ ಬಂತು. ಕಸ್ತೂರಿ ಹಸಿರು ಸೀರೆಯುಟ್ಟು ಚಾಪೆಯ ಮೇಲೆ ಕೂತು ತಲೆ ತಗ್ಗಿಸಿದಳು. ದಾನವ್ವ ಅವಳ ಭುಜಕ್ಕೆ ಭುಜ ಹಚ್ಚಿ ಕೂತಳು. ನಾನು ಡಬ್ಬಿಗಳ ಪಕ್ಕದಲ್ಲಿ ನಿಂತೆ, ಅಲ್ಲಿಗೆ ಏನೂ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಬೀಗರ, ನಮ್ಮ ಹುಡುಗಗ ನಿಮ್ಮ ಮಗಳನ್ನ ಕೊಡ್ತೀರೇನ್ರಿ?" ಎಂದು ಚಂದ್ರಾಬಾಯಿ ಶಾಸ್ತ್ರದ ಮಾತು ಕೇಳಿದರು.

ಮಾವನವರು ಮೈಕಿನ ಕಡೆ ಬಾಗಿದರು. ನನಗೊಂದು ಹೆದರಿಕೆ ಇತ್ತು. ಶಾಸ್ತ್ರವೆಂದು ಅವರು ಸೀದಾ ಕೊಟ್ಟೆ ಅಂದುಬಿಟ್ಟರೆ? ಅವರು ಚಂದ್ರಾಬಾಯಿಯ ಕಡೆ ನೋಡಲೇ ಇಲ್ಲ. ಎರಡು ಡಬ್ಬಿಗಳ ನಡುವಿನ ಸಂದಿಯಿಂದ ಮಗಳ ಕಡೆ ನೋಡಿದರು, ತುಟಿ ಅಲ್ಲಾಡಿತು. ನನ್ನ ಅಂಗಾಲಿಗೆ ಸಣ್ಣಗೆ ಜುಮ್ಮೆಂದಿತು. ಚಂದ್ರಾಬಾಯಿ ಕಿವಿಗೆ ಕೈ ಹಚ್ಚಿ, ದೂರದಲ್ಲಿ ಲಾರಿ ಹೋಯಿತೇನು ಎಂಬಂತೆ ಬಾಗಿಲ ಕಡೆ ತಿರುಗಿದರು. ಕಸ್ತೂರಿ ಮಾತ್ರ ಮೆಲ್ಲಗೆ ತಲೆಯೆತ್ತಿದಳು. ಅವಳ ಕಣ್ಣು ಅಗಲವಾದವು. ಬೆನ್ನಿಗೆ ತಾಕುತ್ತಿದ್ದದ್ದು ಮೊದಲ ಸಲ ಕಿವಿಗೆ ಬಂದಿತ್ತು. ಅವಳು ಅಪ್ಪನ ಬಾಯನ್ನು ನೋಡಿದಳು, ಡಬ್ಬಿಗಳನ್ನು ನೋಡಿದಳು, ಮತ್ತೆ ಅಪ್ಪನ ಬಾಯನ್ನು ನೋಡಿದಳು. ಮಾವನವರು ಇನ್ನೊಮ್ಮೆ ಕೇಳಿದರು. ಮೂಲೆಗಳಲ್ಲಿ ಕೌದಿಗಳು ಒಂದಿಷ್ಟೂ ಅಲ್ಲಾಡಲಿಲ್ಲ.

"ಇಲ್ಲಪ್ಪಾ," ಎಂದಳು ಕಸ್ತೂರಿ. "ಹುಡುಗ ಚಲೋ ಅದಾನ. ನನಗ ಮ್ಯಾಲೆ ಹೋಗಾಕ ಮನಸಿಲ್ಲ."

ಚಂದ್ರಾಬಾಯಿ ಎಲ್ಲರ ಮುಖವನ್ನೂ ನೋಡಿದರು. "ಯಾರು ಏನ್ ಕೇಳಿದ್ರು ಅಂತ ಇಕಿ ಇಲ್ಲ ಅಂತಾಳ?"

"ನಮ್ಮಪ್ಪ ಕೇಳಿದ್ರಿ," ಎಂದಳು ದಾನವ್ವ. ಅವಳ ದನಿ ಗಟ್ಟಿಯಾಗಿತ್ತು. "ಇದು ಕೌದಿ ಮಾತಲ್ರಿ, ಈಗ ಆಡಿದ ಮಾತು. ನನಗೂ ಒಂದು ಕಿವಿಗೆ ಕೇಳಿಸ್ತು."

ಕೊಡ್ತೀರೇನು ಅಂದರೆ ಮಗಳನ್ನು ಕೇಳುವ ತಂದೆಯನ್ನು ಇಲ್ಲೇ ಕಂಡದ್ದು ಎಂದು ಚಂದ್ರಾಬಾಯಿ ಸಿಟ್ಟಿನಿಂದ ಎದ್ದರು. ಸುಭಾಸ ಚಹಾ ಪೂರ್ತಿ ಕುಡಿದು, ಕಪ್ಪನ್ನು ಹುಷಾರಾಗಿ ತಟ್ಟೆಯಲ್ಲಿಟ್ಟು, ಮಾವನವರಿಗೆ ಕೈಮುಗಿದು ಹೋದ. ಒಳ್ಳೆಯ ಹುಡುಗ. ಅವರು ಚಪ್ಪಲಿ ಮೆಟ್ಟುತ್ತಿದ್ದಂತೆ ನಾನು ದಾನವ್ವನ ಮುಖ ನೋಡಲು ಹೆದರಿ ಮೈಕಿನ ವಾಯರು ಸುತ್ತತೊಡಗಿದೆ. ಮಾವನವರು ಮೈಕಿನ ಮೇಲೆ ಕೈ ಅಡ್ಡ ಹಿಡಿದರು. ಅವರ ತುಟಿ ಮತ್ತೆ ಅಲ್ಲಾಡುತ್ತಿತ್ತು.

"ಇನ್ನೂ ಊಟ ಮಾಡಿಲ್ಲಪ್ಪಾ, ಈಗ ಮಾಡ್ತೀನಿ," ಎಂದಳು ಕಸ್ತೂರಿ ಚಾಪೆಯ ಮೇಲಿಂದ.

ಅವರು ಇನ್ನೇನೋ ಕೇಳಿದರು. "ಹೂಂ. ಅವ್ವನ ಸೀರಿ ಇದು, ನೀನ ತಂದದ್ದಂತ," ಎಂದಳು. ಮತ್ತೆ ಏನೋ. ಅವಳು ನಕ್ಕಳು, ಕಣ್ಣೊರೆಸಿಕೊಂಡಳು. "ಇಲ್ಲ, ಎಂದೂ ಬೈಕೊಂಡಿಲ್ಲ. ನೀ ಮಾತಾಡಂಗಿಲ್ಲ ಅಂತ ಎಂದೂ ಅನ್ಕೊಂಡಿಲ್ಲ." ನನ್ನ ಪಾಲಿಗೆ ಬಂದದ್ದು ಉತ್ತರಗಳು ಮಾತ್ರ. ಮಾವನವರ ಗಲ್ಲ ಒದ್ದೆಯಾಗಿತ್ತು, ಅವರು ಅದನ್ನು ಒರೆಸಿಕೊಳ್ಳಲಿಲ್ಲ, ಕೇಳುವುದನ್ನೂ ನಿಲ್ಲಿಸಲಿಲ್ಲ. ಅವಲಕ್ಕಿ ಆರಿತು. ಅಂಗಳದ ಬಿಸಿಲು ಗೋಡೆ ಹತ್ತಿತು. ಮದುವೆಯ ಹಾಡೊಂದನ್ನು ಅವತ್ತೇ ಮುಗಿಸಿಕೊಡಬೇಕಿತ್ತು, ನಾನು ಹೋಗಿ ಹೊಸ್ತಿಲ ಮೇಲೆ ಕೂತೆ. ದಾನವ್ವ ಬಂದು ಪಕ್ಕದಲ್ಲಿ ಕೂತು ತನ್ನ ಪಾಲಿನ ಚಹಾದಲ್ಲಿ ಅರ್ಧ ನನಗೆ ಕೊಟ್ಟಳು.

ಮಾರನೆಯ ದಿನ ಅವಳು ಕೌದಿ ಹೊತ್ತು ಕೆರೆಗೆ ಹೋದವಳು ಹೋದಷ್ಟೇ ಬೇಗ ತಿರುಗಿ ಬಂದಳು. ಕೆರೆಯ ಸುದ್ದಿ ಮನೆಗೆ ತರಬಾರದೆಂಬುದನ್ನು ಅವಳು ಯಾವತ್ತೂ ಮೀರಿದವಳಲ್ಲ. ಕೌದಿಗಳನ್ನು ಹಗ್ಗದ ಮೇಲೆ ಹರವಿ, ಅವುಗಳ ಮೇಲೆ ಕೈಯಾಡಿಸಿದಳು.

"ಇವತ್ತ ಕೌದಿ ಭಾಳ ಹಗುರ ಇದ್ದುವು," ಎಂದಳು.